ಮಕ್ಕಳ ಕೈಯಿಂದ ಗಣಿತ ಕಿತ್ತುಕೊಳ್ಳಬೇಡಿ

ಎಸ್ಸೆಸ್ಸೆಲ್ಸಿ ಫಲಿತಾಂಶ ಬಂದ ಮರುವಾರ ನಮ್ಮ ತಾಲ್ಲೂಕು ಕೇಂದ್ರಗಳ ಪಿಯು ಕಾಲೇಜುಗಳಲ್ಲಿ ನಡೆಯುವ ಮಾತುಕತೆ ಹೆಚ್ಚುಕಡಿಮೆ ಒಂದೇ ಥರ ಇರುತ್ತದೆ.

“ಮ್ಯಾಥ್ಸ್‌ನಲ್ಲಿ ಎಷ್ಟಮ್ಮ?”

“ಐವತ್ತೆರಡು ಸಾರ್.”

“ಅಷ್ಟಕ್ಕೆಲ್ಲ ಸೈನ್ಸ್ ಯಾಕೆ? ಫೇಲಾದ್ರೆ ಏನ್ಮಾಡ್ತೀಯ? ಆರ್ಟ್ಸ್ ತಗೋ, ಆರಾಮಾಗಿ ಪಾಸಾಗ್ತೀಯ.”

ಹುಡುಗಿ ಅಪ್ಪನ ಮುಖ ನೋಡುತ್ತಾಳೆ. ಅಪ್ಪ ಮೇಜಿನಾಚೆ ಕೂತವರ ಮುಖ ನೋಡುತ್ತಾನೆ. ಓದಿದವರು ಹೇಳುತ್ತಿದ್ದಾರೆ, ಸರಿಯೇ ಇರಬೇಕು ಅಂತ ತಲೆಯಾಡಿಸುತ್ತಾನೆ. ಅರ್ಜಿಯಲ್ಲಿ ಎಚ್‌ಇಪಿಎಸ್ ಕಾಂಬಿನೇಷನ್ (ಇತಿಹಾಸ, ಅರ್ಥಶಾಸ್ತ್ರ, ರಾಜ್ಯಶಾಸ್ತ್ರ, ಸಮಾಜಶಾಸ್ತ್ರ) ಅಂತ ಬರೆದಾಗುತ್ತದೆ. ಅಲ್ಲಿಗೆ ಮುಗಿಯಿತು.

ಏನು ಮುಗಿಯಿತು ಅನ್ನುವುದನ್ನು ಮಾತ್ರ ಆ ಮೇಜಿನ ಎರಡೂ ಬದಿಯಲ್ಲಿ ಯಾರೂ ಹೇಳುವುದಿಲ್ಲ. ಆದ್ದರಿಂದಲೇ ಈ ಕರೆ. ಮೇಷ್ಟ್ರುಗಳಿಗೆ, ಪ್ರಾಂಶುಪಾಲರಿಗೆ, ಅಪ್ಪ ಅಮ್ಮಂದಿರಿಗೆ, ಸರ್ಕಾರ ನಡೆಸುವವರಿಗೆ: ಹದಿನೈದು ಹದಿನಾರರ ಮಕ್ಕಳ ಕೈಯಿಂದ ಗಣಿತವನ್ನು ಹೀಗೆ ಕಿತ್ತುಕೊಳ್ಳಬೇಡಿ.

ನಮ್ಮ ಪಿಯುಸಿಯಲ್ಲಿ ಎರಡು ಭಾಷೆ, ನಾಲ್ಕು ಐಚ್ಛಿಕ ವಿಷಯ. ಆ ನಾಲ್ಕರಲ್ಲಿ ಗಣಿತ ಇಲ್ಲದಿದ್ದರೆ ಯಾವ ಯಾವ ದಾರಿ ಮುಚ್ಚುತ್ತದೆ, ಒಮ್ಮೆ ಸಾಲಾಗಿ ನೋಡೋಣ. ಇಂಜಿನಿಯರಿಂಗ್ ಸೀಟಿಗಾಗಿ ಸಿಇಟಿ ಬರೆಯುವ ದಾರಿ ಮುಚ್ಚಿತು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಪದವಿ ಕೋರ್ಸ್ ಮುಚ್ಚಿತು. ಅದೇ ಊರಿನಲ್ಲಿರುವ ಭಾರತೀಯ ಸಾಂಖ್ಯಿಕ ಸಂಸ್ಥೆಯ ಬಿ.ಮ್ಯಾಥ್ ಮುಚ್ಚಿತು. ಇವೆಲ್ಲ ವಿಜ್ಞಾನದವರ ಮಾತು ಅನ್ನಬೇಡಿ. ದೆಹಲಿ ವಿಶ್ವವಿದ್ಯಾಲಯದಲ್ಲಿ ಅರ್ಥಶಾಸ್ತ್ರದ ಆನರ್ಸ್ ಓದಬೇಕೆಂದರೂ ಹನ್ನೆರಡನೇ ತರಗತಿಯಲ್ಲಿ ಗಣಿತ ಇರಲೇಬೇಕು. ಲೆಕ್ಕಪರಿಶೋಧಕರಾಗಲು ಪಿಯುಸಿಯಲ್ಲಿ ಗಣಿತ ಕಡ್ಡಾಯವಲ್ಲ, ನಿಜ. ಆದರೆ ಸಿಎ ಫೌಂಡೇಷನ್ ಪರೀಕ್ಷೆಯ ನಾಲ್ಕು ಪತ್ರಿಕೆಗಳಲ್ಲಿ ಒಂದು ವ್ಯವಹಾರ ಗಣಿತ, ತರ್ಕ ಮತ್ತು ಸಂಖ್ಯಾಶಾಸ್ತ್ರದ್ದೇ. ಬ್ಯಾಂಕ್ ಪರೀಕ್ಷೆ ಬರೆಯುವವರನ್ನು ಕೇಳಿ, ಅವರನ್ನು ಕಾಡುವ ಭಾಗ ಯಾವುದೆಂದು ಹೇಳುತ್ತಾರೆ.

ಇನ್ನೊಂದು ಬಾಗಿಲಿನ ಕಥೆಯಂತೂ ಇನ್ನೂ ಕಹಿ. 2021ರಲ್ಲಿ ಸುಪ್ರೀಂ ಕೋರ್ಟ್ ಆದೇಶ ಬಂದ ಮೇಲೆ ನಮ್ಮ ಹೆಣ್ಣುಮಕ್ಕಳೂ ರಾಷ್ಟ್ರೀಯ ರಕ್ಷಣಾ ಅಕಾಡೆಮಿ ಸೇರುವ ಎನ್‌ಡಿಎ ಪರೀಕ್ಷೆ ಬರೆಯುವಂತಾಯಿತು. ಆರ್ಟ್ಸ್ ಓದಿದವರೂ ಭೂಸೇನೆಯ ವಿಭಾಗಕ್ಕೆ ಅರ್ಜಿ ಹಾಕಬಹುದು. ಆದರೆ ಲಿಖಿತ ಪರೀಕ್ಷೆಯ ಒಟ್ಟು 900 ಅಂಕಗಳಲ್ಲಿ 300 ಗಣಿತದ್ದು, ಅದೂ ಪಿಯುಸಿ ಮಟ್ಟದ್ದು. ಕೋರ್ಟು ತೆರೆದುಕೊಟ್ಟ ಬಾಗಿಲನ್ನು ಎಸ್ಸೆಸ್ಸೆಲ್ಸಿ ಮುಗಿದ ಬೇಸಿಗೆಯಲ್ಲೇ ನಾವು ಮುಚ್ಚಿಬಿಟ್ಟಿರುತ್ತೇವೆ.

ಇಲ್ಲೊಂದು ಅಸಮಾನತೆ ಇದೆ. ಗಣಿತ ಓದಿದವರು ಮುಂದೆ ಯಾವಾಗ ಬೇಕಾದರೂ ಅದನ್ನು ಬಿಟ್ಟು ಇತಿಹಾಸಕ್ಕೋ ಕಾನೂನಿಗೋ ಪತ್ರಿಕೋದ್ಯಮಕ್ಕೋ ಹೋಗಬಹುದು. ಬಿಟ್ಟವರು ವಾಪಸ್ ಬರುವುದು ಬಹಳ ಕಷ್ಟ. ಒಂದು ಕಡೆಯಿಂದ ಮಾತ್ರ ದಾಟಬಹುದಾದ ಹೊಳೆಯಿದು. ಅಂಥ ಹೊಳೆಯ ದಂಡೆಯಲ್ಲಿ ಮಗುವನ್ನು ನಿಲ್ಲಿಸಿ, “ಆಚೆ ಹೋದರೆ ಮತ್ತೆ ಬರೋಕಾಗಲ್ಲ” ಅನ್ನುವ ಒಂದೇ ಒಂದು ಮಾತನ್ನೂ ಹೇಳದೆ ತಳ್ಳುವುದಕ್ಕೆ ಏನೆನ್ನಬೇಕು?

ಐವತ್ತು ವರ್ಷಗಳ ಹಿಂದೆಯೇ ಅಮೆರಿಕದಲ್ಲಿ ಇದನ್ನು ಎಣಿಸಿ ತೋರಿಸಿದವರಿದ್ದಾರೆ. ಲೂಸಿ ಸೆಲ್ಸ್ ಎಂಬ ಸಮಾಜಶಾಸ್ತ್ರಜ್ಞೆ ಬರ್ಕ್‌ಲಿಯ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯಕ್ಕೆ ಹೊಸದಾಗಿ ಸೇರಿದವರ ಒಂದು ಮಾದರಿಯನ್ನು ತೆಗೆದುಕೊಂಡು, ಹೈಸ್ಕೂಲಿನಲ್ಲಿ ಇವರು ಎಷ್ಟು ವರ್ಷ ಗಣಿತ ಓದಿದ್ದರು ಎಂದು ನೋಡಿದರು. ಪೂರ್ತಿ ನಾಲ್ಕು ವರ್ಷ ಓದಿದ್ದವರು ಹುಡುಗರಲ್ಲಿ ಶೇ 57, ಹುಡುಗಿಯರಲ್ಲಿ ಶೇ 8. ಆ ನಾಲ್ಕು ವರ್ಷದ ಗಣಿತವಿಲ್ಲದೆ ವಿಶ್ವವಿದ್ಯಾಲಯದ ಬಹುಪಾಲು ವಿಭಾಗಗಳಿಗೆ ಬೇಕಾದ ಕಲನಶಾಸ್ತ್ರದ ತರಗತಿಗೆ ಕಾಲಿಡುವಂತಿರಲಿಲ್ಲ. 1973ರಲ್ಲಿ ಈ ಲೆಕ್ಕ ಹೊರಬಂದಾಗ, ಹುಡುಗಿಯರಿಗೆ ವಿಜ್ಞಾನ ಇಷ್ಟವಿಲ್ಲ ಅಂತ ಹೇಳಿಕೊಂಡು ಬಂದವರ ಬಾಯಿ ಕಟ್ಟಿತು. ಇಷ್ಟ ಇದೆಯೋ ಇಲ್ಲವೋ ಎಂದು ಕೇಳುವ ಮೊದಲೇ ಅವರನ್ನು ಜರಡಿ ಹಿಡಿದು ಹೊರಗಿಟ್ಟಾಗಿತ್ತು. ನಮ್ಮಲ್ಲಿ ಆ ಜರಡಿಯ ಹೆಸರು ಕಾಂಬಿನೇಷನ್.

ಮೊದಲು ಕಾಲೇಜು ನಡೆಸುವವರಿಗೆ ಒಂದು ಮಾತು. ನಿಮ್ಮ ಗೇಟಿನ ಮುಂದೆ ಕಟ್ಟುವ ಫ್ಲೆಕ್ಸಿನಲ್ಲಿ “ಶೇ 100 ಫಲಿತಾಂಶ” ಎಂದಿರುತ್ತದೆ. ಆ ನೂರು ಹೇಗೆ ಬಂತು? ಐವತ್ತೆರಡು ತೆಗೆದ ಹುಡುಗಿಯನ್ನು ಎಂಬತ್ತೆರಡಕ್ಕೆ ಏರಿಸಿದ್ದರಿಂದ ಬಂದಿದ್ದರೆ ನಿಮ್ಮ ಕಾಲಿಗೆ ಬೀಳೋಣ. ಆಕೆಯನ್ನು ತರಗತಿಯ ಒಳಗೇ ಬಿಟ್ಟುಕೊಳ್ಳದ್ದರಿಂದ ಬಂದಿದ್ದರೆ? ಅದು ಹೈಸ್ಕೂಲಿನ ಭಿನ್ನರಾಶಿ ಲೆಕ್ಕವಷ್ಟೆ. ನೀವು ಅಂಶವನ್ನು ಹೆಚ್ಚಿಸಲಿಲ್ಲ, ಛೇದವನ್ನು ಕತ್ತರಿಸಿದಿರಿ. ಕತ್ತರಿಸಿದ ಆ ಛೇದದಲ್ಲಿ ಮಕ್ಕಳಿದ್ದರು.

ಹೈಸ್ಕೂಲಿನ ಮೇಷ್ಟ್ರೇ, ಮೇಡಂ, ನಿಮ್ಮ ಕಷ್ಟ ಗೊತ್ತಿಲ್ಲದ್ದೇನಲ್ಲ. ಒಂದು ಶಾಲೆಗೆ ಒಬ್ಬರೇ ಗಣಿತದ ಶಿಕ್ಷಕರು, ಜೊತೆಗೆ ಬಿಸಿಯೂಟದ ಲೆಕ್ಕ, ಗಣತಿ ಕೆಲಸ, ಚುನಾವಣೆ ಕೆಲಸ. ಆದರೂ ಒಂದು ಮಾತು ನಿಮ್ಮ ನಾಲಿಗೆಯಿಂದ ಬೀಳದಿರಲಿ: “ನಿನಗೆ ಲೆಕ್ಕ ಹತ್ತಲ್ಲ ಬಿಡು.” ಎಂಟನೇ ತರಗತಿಯಲ್ಲಿ ಸಿಡುಕಿನಲ್ಲಿ ಆಡಿದ ಆ ಮಾತನ್ನು ನೀವು ಸಂಜೆಗೆ ಮರೆಯುತ್ತೀರಿ. ಮಗು ಹತ್ತನೇ ತರಗತಿಯ ಆಚೆಗೂ ಹೊತ್ತುಕೊಂಡು ಹೋಗುತ್ತದೆ. ಥೇಲ್ಸ್ ಪ್ರಮೇಯವನ್ನು ಉರು ಹೊಡೆಸಿ ನಾಲ್ಕಂಕ ಕೊಡಿಸುವುದು ಸುಲಭ. ಅದು ಯಾಕೆ ನಿಜ ಎಂದು ಒಂದು ದಿನ ಮಣ್ಣಿನ ಮೇಲೆ ಗೆರೆ ಎಳೆದು ತೋರಿಸಿದರೆ, ಐವತ್ತೆರಡು ತೆಗೆದ ಮಗುವೂ ಕತ್ತು ಚಾಚುತ್ತದೆ. ಆ ಐವತ್ತೆರಡರಲ್ಲಿ ಎಷ್ಟು ಮಗುವಿನದು, ಎಷ್ಟು ನಮ್ಮ ಕಲಿಸುವಿಕೆಯದು ಎಂದು ನಮ್ಮನ್ನೇ ಕೇಳಿಕೊಳ್ಳದೆ ಅದರ ಹಣೆಬರಹ ಬರೆಯುವ ಅಧಿಕಾರ ನಮಗೆಲ್ಲಿಂದ ಬಂತು?

ಕನ್ನಡ ಮಾಧ್ಯಮದಿಂದ ಬಂದ ಮಕ್ಕಳ ಪಾಡು ಇದಕ್ಕಿಂತ ಬಿಗಿ. ಮಾರ್ಚ್‌ವರೆಗೆ ವರ್ಗ ಸಮೀಕರಣ, ಸಮಾಂತರ ಶ್ರೇಢಿ, ತ್ರಿಕೋನಮಿತಿ ಎಂದು ಓದಿ ಬಂದವರಿಗೆ ಪಿಯು ಸೈನ್ಸ್ ತರಗತಿಯಲ್ಲಿ ಎಲ್ಲವೂ ಇಂಗ್ಲಿಷ್. ಮೊದಲ ಕಿರುಪರೀಕ್ಷೆಯಲ್ಲಿ ಇಪ್ಪತ್ತೈದಕ್ಕೆ ಆರು. “ನೋಡಿದ್ಯಾ, ಆವಾಗಲೇ ಹೇಳಿದ್ದೆ” ಎಂಬ ಮಾತು ಕಾದುಕೊಂಡೇ ಇರುತ್ತದೆ. ಎಷ್ಟೋ ಮಕ್ಕಳು ಆ ತಿಂಗಳೇ ವಿಭಾಗ ಬದಲಿಸಿಕೊಳ್ಳುತ್ತಾರೆ. ಅವರು ಸೋತದ್ದು ಗಣಿತದಲ್ಲಲ್ಲ, ಪ್ರಶ್ನೆಯ ಭಾಷೆಯಲ್ಲಿ. ನಿಜಕ್ಕಾದರೆ ಪಿಯುಸಿಯ ಎಲ್ಲ ವಿಷಯಗಳಲ್ಲಿ ಅತಿ ಕಡಿಮೆ ಇಂಗ್ಲಿಷ್ ಬೇಕಾದದ್ದು ಗಣಿತಕ್ಕೇ. ಚಿಹ್ನೆ ಅದೇ, ಅಂಕಿ ಅದೇ, ಹೆಜ್ಜೆಗಳು ಅವೇ. ಕನ್ನಡ ಮತ್ತು ಇಂಗ್ಲಿಷ್ ಎರಡರಲ್ಲೂ ಪದಗಳಿರುವ ನಾಲ್ಕು ಪುಟದ ಒಂದು ಪಟ್ಟಿ, ಕಾಲೇಜು ಶುರುವಾದಾಗ ಎರಡು ವಾರದ ಸೇತುಬಂಧ ತರಗತಿ, ಮೊದಲ ಪರೀಕ್ಷೆಯವರೆಗೆ ತಾಳ್ಮೆ. ಇಷ್ಟಕ್ಕೆ ಯಾವ ಬಜೆಟ್ಟೂ ಬೇಡ, ಯಾವ ಆದೇಶವೂ ಬೇಡ. ಮನಸ್ಸು ಬೇಕು.

ಸಿಬಿಎಸ್‌ಇ ಶಾಲೆಗಳಿಗೆ ಮಕ್ಕಳನ್ನು ಕಳಿಸುವವರು ಇದು ಬಡವರ ಸಮಸ್ಯೆ ಅಂದುಕೊಳ್ಳಬೇಡಿ. ಅಲ್ಲಿ 2020ರ ಪರೀಕ್ಷೆಯಿಂದ ಹತ್ತನೇ ತರಗತಿಯ ಗಣಿತಕ್ಕೆ ಎರಡು ಪ್ರಶ್ನೆಪತ್ರಿಕೆ: ಸ್ಟ್ಯಾಂಡರ್ಡ್ ಮತ್ತು ಬೇಸಿಕ್. ಪಠ್ಯ ಒಂದೇ, ತರಗತಿಯೂ ಒಂದೇ, ಪರೀಕ್ಷೆ ಬೇರೆ. ಮುಂದೆ ಗಣಿತ ಬೇಡ ಎನ್ನುವವರಿಗಾಗಿ ಮಾಡಿದ ಅನುಕೂಲವಿದು, ತಪ್ಪೇನಿಲ್ಲ. ಆದರೆ ಬೇಸಿಕ್ ಎಂದು ಬರೆದುಕೊಟ್ಟ ಮಗುವಿಗೆ ಹನ್ನೊಂದನೇ ತರಗತಿಯ ಗಣಿತದ ದಾರಿ ಇಕ್ಕಟ್ಟಾಗುತ್ತದೆ. ಮಂಡಳಿ ನಿಯಮವನ್ನು ಸಡಿಲಿಸಿದ ವರ್ಷಗಳೂ ಇವೆ, ಆ ಸಡಿಲಿಕೆಯನ್ನು ನಂಬಿ ಕೂರುವುದು ಜಾಣತನವಲ್ಲ. ಶಾಲೆಯ ಸರಾಸರಿ ಚೆನ್ನಾಗಿರಲಿ ಎಂದು “ಎಲ್ರೂ ಬೇಸಿಕ್ಕೇ ತಗೊಳ್ತಿದ್ದಾರೆ” ಅನ್ನುವ ಮಾತಿಗೆ ಸಹಿ ಹಾಕುವ ಮುಂಚೆ ಒಮ್ಮೆ ನಿಲ್ಲಿ, ಮಗುವನ್ನು ಕೇಳಿ.

ಇನ್ನು ಮನೆಯ ಮಾತು. ಒಂದೇ ಮನೆಯಲ್ಲಿ ಅಣ್ಣ ಲೆಕ್ಕದಲ್ಲಿ ಕಡಿಮೆ ತೆಗೆದರೆ ಟ್ಯೂಷನ್, ತಂಗಿ ಕಡಿಮೆ ತೆಗೆದರೆ ಆರ್ಟ್ಸ್. ಸೈನ್ಸ್ ಇರುವ ಕಾಲೇಜು ಹದಿನೈದು ಕಿಲೋಮೀಟರ್ ದೂರ, ಬಸ್ಸು ಸಂಜೆ ತಡ, ಹುಡುಗಿ ಹತ್ತಿರದಲ್ಲೇ ಓದಲಿ. ಹತ್ತಿರದ ಸರ್ಕಾರಿ ಕಾಲೇಜಿನಲ್ಲಿ ಇರುವುದು ಕಲಾ ವಿಭಾಗವೊಂದೇ. ಹೀಗೆ ಆಕೆಯ ಐಚ್ಛಿಕ ವಿಷಯವನ್ನು ಆಕೆಯೂ ಆರಿಸಲಿಲ್ಲ, ಆಕೆಯ ಅಂಕವೂ ಆರಿಸಲಿಲ್ಲ, ಬಸ್ಸಿನ ವೇಳಾಪಟ್ಟಿ ಆರಿಸಿತು. “ಹೆಣ್ಮಕ್ಕಳಿಗೆ ಲೆಕ್ಕ ಹತ್ತಲ್ಲ” ಎಂದು ಇದೇ ಮನೆಯಲ್ಲಿ ಮಾತಾಡುತ್ತಾರೆ. ಡೈರಿಯಲ್ಲಿ ಫ್ಯಾಟ್ ಎಷ್ಟು ಬಂದರೆ ಲೀಟರಿಗೆ ಎಷ್ಟು ಸಿಗಬೇಕು, ಹದಿನೈದು ದಿನದ ಬಟವಾಡೆಯಲ್ಲಿ ಎಷ್ಟು ಮುರಿದುಕೊಂಡಿದ್ದಾರೆ, ಸ್ತ್ರೀಶಕ್ತಿ ಸಂಘದ ಸಾಲಕ್ಕೆ ಯಾರ ಬಡ್ಡಿ ಎಷ್ಟು ಬಾಕಿ ಎಂಬುದನ್ನೆಲ್ಲ ಪೆನ್ನು ಹಿಡಿಯದೆ ಹೇಳುವ ಅವ್ವ ಅದೇ ಮನೆಯ ಒಲೆ ಮುಂದೆ ಕೂತಿರುತ್ತಾಳೆ.

ಅವ್ವನ ಲೆಕ್ಕ ಸಾಲದು ಎನ್ನುವವರಿಗೆ ರಾಜೇಶ್ವರಿ ಚಟರ್ಜಿ ಅವರನ್ನು ನೆನಪಿಸುತ್ತೇನೆ. 1922ರಲ್ಲಿ ಹುಟ್ಟಿದ ಈ ಹೆಣ್ಣುಮಗಳು ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಬಿ.ಎಸ್ಸಿ. ಆನರ್ಸ್, ಎಂ.ಎಸ್ಸಿ. ಎರಡನ್ನೂ ಓದಿದ್ದು ಗಣಿತದಲ್ಲಿ. ಆ ಗಣಿತದ ಬಲದಿಂದಲೇ ಭಾರತೀಯ ವಿಜ್ಞಾನ ಸಂಸ್ಥೆಗೆ, ಅಂದರೆ ನಮ್ಮ ಟಾಟಾ ಇನ್‌ಸ್ಟಿಟ್ಯೂಟಿಗೆ ಕಾಲಿಟ್ಟರು, ಮಿಷಿಗನ್‌ಗೆ ಹೋಗಿ ಪಿಎಚ್.ಡಿ. ಮಾಡಿ ಬಂದರು, 1953ರಿಂದ ಇಲ್ಲೇ ಮೈಕ್ರೋವೇವ್ ಮತ್ತು ಆಂಟೆನಾ ಇಂಜಿನಿಯರಿಂಗ್ ಕಲಿಸಿದರು. ಕರ್ನಾಟಕದ ಮೊದಲ ಮಹಿಳಾ ಇಂಜಿನಿಯರ್ ಎಂದು ಇವತ್ತು ಅವರನ್ನು ಕೊಂಡಾಡುತ್ತೇವೆ. ಅವರ ಅಜ್ಜಿ ಕಮಲಮ್ಮ ದಾಸಪ್ಪನವರು ಮೈಸೂರು ಸಂಸ್ಥಾನದ ಮೊದಮೊದಲ ಮಹಿಳಾ ಪದವೀಧರರಲ್ಲಿ ಒಬ್ಬರು. ಓದಿದ ಅಜ್ಜಿಯಿದ್ದ ಮನೆಯಲ್ಲಿ “ನಿನಗ್ಯಾಕೆ ಲೆಕ್ಕ” ಎಂದು ಕೇಳುವವರು ಇರಲಿಲ್ಲವೇನೋ. ಅಂಥ ಅಜ್ಜಿಯಿಲ್ಲದ ಮಗುವಿಗೆ ಆ ಅಜ್ಜಿಯ ಜಾಗದಲ್ಲಿ ನಿಲ್ಲಬೇಕಾದವರು ಶಾಲೆಯವರು, ನಾವು ನೀವು.

ಗಣಿತ ಯಾರೋ ಕೆಲವರ ಸೊತ್ತು ಎಂಬ ಮಾತು ಈ ನೆಲದ್ದೂ ಅಲ್ಲ. ಒಂಬತ್ತನೇ ಶತಮಾನದಲ್ಲಿ ಅಮೋಘವರ್ಷ ನೃಪತುಂಗನ ಆಶ್ರಯದಲ್ಲಿದ್ದ ಮಹಾವೀರಾಚಾರ್ಯ ತನ್ನ ‘ಗಣಿತಸಾರಸಂಗ್ರಹ’ದ ಆರಂಭದಲ್ಲೇ ಲೆಕ್ಕ ಎಲ್ಲೆಲ್ಲಿ ಬೇಕು ಎಂದು ಹೇಳುತ್ತ ಸಂಗೀತ, ನಾಟಕ, ವೈದ್ಯ, ಅಡುಗೆ, ವಾಸ್ತು, ಛಂದಸ್ಸು, ವ್ಯಾಕರಣ ಎಲ್ಲವನ್ನೂ ಎಣಿಸುತ್ತಾನೆ. ಅವನ ಪಟ್ಟಿಯಲ್ಲಿ ಆರ್ಟ್ಸ್ ಬೇರೆ ಸೈನ್ಸ್ ಬೇರೆ ಎಂಬ ಗೋಡೆಯಿಲ್ಲ. ಹನ್ನೆರಡನೇ ಶತಮಾನದ ರಾಜಾದಿತ್ಯ ‘ವ್ಯವಹಾರಗಣಿತ’ವನ್ನು ಕನ್ನಡದಲ್ಲೇ ಬರೆದ. ಗಣಿತಕ್ಕೆ ಸಂಸ್ಕೃತವೇ ಸಾಕೆಂದು ಅವನು ಸುಮ್ಮನಿರಲಿಲ್ಲ.

ಒಂದು ಅನುಮಾನ ಇಲ್ಲಿ ಏಳುತ್ತದೆ, ಏಳಬೇಕು ಕೂಡ. ಎಲ್ಲ ಮಕ್ಕಳನ್ನೂ ವಿಜ್ಞಾನದ ಪಿಸಿಎಂಬಿ ಕಾಂಬಿನೇಷನ್ನಿಗೆ ತುಂಬಿ ಕೋಚಿಂಗ್ ಕೊಠಡಿಗೆ ನೂಕಬೇಕೆ? ಖಂಡಿತ ಅಲ್ಲ. ಬಲವಂತದ ಗಣಿತ ಬಲವಂತದ ಆರ್ಟ್ಸ್‌ನಷ್ಟೇ ಅನ್ಯಾಯ. ಇತಿಹಾಸ, ಸಮಾಜಶಾಸ್ತ್ರ, ಕನ್ನಡ ಐಚ್ಛಿಕ ಇವು ಸೋತವರ ತಂಗುದಾಣಗಳಲ್ಲ. ಲೆಕ್ಕಕ್ಕೆ ಹೆದರಿ ಓಡಿಬಂದವರನ್ನು ತುಂಬಿಸುವ ಜಾಗ ಎಂದು ಅವುಗಳನ್ನು ಕಾಣುವುದು ಆ ವಿಷಯಗಳಿಗೂ ಮಾಡುವ ಅವಮಾನ. ಇತಿಹಾಸವನ್ನು ಪ್ರೀತಿಸಿ ಆರಿಸಿಕೊಂಡ ಮಗುವಿನ ಬೆನ್ನು ತಟ್ಟೋಣ. ವಾಣಿಜ್ಯ ಬೇಕೆನ್ನುವ ಮಗುವಿಗೆ ಅಲ್ಲೂ ಬೇಸಿಕ್ ಮ್ಯಾಥ್ಸ್, ಸಂಖ್ಯಾಶಾಸ್ತ್ರ ಇವೆಯೆಂದು ಹೇಳೋಣ. ನೀಟ್ ಒಂದೇ ಗುರಿ ಎಂದು ಗಣಿತ ಬಿಡಹೊರಟವರಿಗೆ, ಮೆಡಿಕಲ್ ಸೀಟು ಸಿಗದ ದಿನ ಇಂಜಿನಿಯರಿಂಗ್ ದಾರಿಯೂ ಇರುವುದಿಲ್ಲ ಎಂದು ಮೊದಲೇ ತಿಳಿಸೋಣ. ಆಮೇಲೂ ಬೇಡ ಎಂದರೆ ಬೇಡ. ಗಣಿತ ಬಿಡುವ ಹಕ್ಕು ಮಗುವಿಗಿದೆ. ಬಿಡಿಸುವ ಹಕ್ಕು ನಮಗಿಲ್ಲ.

ಹೆದರಿಕೆಯ ದೊಡ್ಡ ಕಾರಣವೊಂದು ಈಗ ಸಡಿಲವಾಗಿದೆ ಎಂಬುದನ್ನೂ ಮರೆಯಬಾರದು. 2024ರಿಂದ ಎಸ್ಸೆಸ್ಸೆಲ್ಸಿ, ಪಿಯುಸಿ ಎರಡಕ್ಕೂ ವರ್ಷಕ್ಕೆ ಒಂದಕ್ಕಿಂತ ಹೆಚ್ಚು ಪರೀಕ್ಷೆಗಳಿವೆ, ಅವುಗಳಲ್ಲಿ ಹೆಚ್ಚು ಬಂದ ಅಂಕವನ್ನು ಉಳಿಸಿಕೊಳ್ಳಬಹುದು. ಗಣಿತದಲ್ಲಿ ಒಮ್ಮೆ ಎಡವಿದರೆ ವರ್ಷವೇ ಹೋಯಿತು ಎಂದು ಮಗುವನ್ನು ಬೆದರಿಸುವುದಕ್ಕೆ ಮೊದಲಿನಷ್ಟು ಆಧಾರವಿಲ್ಲ.

ಸರ್ಕಾರ ನಡೆಸುವವರಲ್ಲಿ ಕೇಳುವುದು ಇಷ್ಟು: ಕಲಾ ವಿಭಾಗವೊಂದೇ ಇರುವ ಸರ್ಕಾರಿ ಪಿಯು ಕಾಲೇಜುಗಳಲ್ಲಿ ಗಣಿತದ ಒಂದು ತರಗತಿ ತೆರೆಯಿರಿ. ಅತಿಥಿ ಉಪನ್ಯಾಸಕರು ಬರುವವರೆಗೆ ಅರ್ಧ ವರ್ಷ ಕಳೆಯುವ ಪದ್ಧತಿ ನಿಲ್ಲಿಸಿ. ಸಂಜೆಯ ತರಗತಿ ಬಿಟ್ಟ ಮೇಲೆ ಒಂದು ಬಸ್ಸು ಓಡಿಸಿ.

ಹತ್ತನೇ ತರಗತಿ ಓದುತ್ತಿರುವ ಮಗುವೇ, ನಿನಗೂ ಒಂದು ಮಾತು. ನಿನ್ನ ಅಂಕಪಟ್ಟಿ ನೀನು ಇಲ್ಲಿಯವರೆಗೆ ಏನು ಬರೆದೆ ಎಂದು ಹೇಳುತ್ತದೆ, ಮುಂದೆ ಏನು ಕಲಿಯಬಲ್ಲೆ ಎಂದು ಅದಕ್ಕೆ ಗೊತ್ತಿಲ್ಲ. ಅರ್ಜಿ ತುಂಬುವಾಗ ಯಾರಾದರೂ ಗಣಿತ ಬೇಡ ಎಂದರೆ ಸುಮ್ಮನೆ ತಲೆಯಾಡಿಸಬೇಡ. “ಯಾಕೆ ಬೇಡ? ಬಿಟ್ಟರೆ ಮುಂದೆ ಯಾವ ಕೋರ್ಸ್ ಸಿಗಲ್ಲ?” ಎಂದು ಕೇಳು. ಉತ್ತರ ಸಿಗುವವರೆಗೆ ಸಹಿ ಹಾಕಬೇಡ.

ಉಳಿದ ನಮ್ಮೆಲ್ಲರಿಗೆ ಇರುವ ಕೆಲಸ ದೊಡ್ಡದೇನಲ್ಲ. ನಿಮ್ಮ ಮನೆಯಲ್ಲಿ, ಇಲ್ಲವೇ ನಿಮ್ಮ ಬೀದಿಯಲ್ಲಿ, ಈ ವರ್ಷ ಹತ್ತನೇ ತರಗತಿಯಲ್ಲಿರುವ ಒಂದು ಮಗು ಇದ್ದೇ ಇದೆ. ಅದರ ಅಪ್ಪ ಅಮ್ಮನಿಗೆ ಕಾಂಬಿನೇಷನ್ ಎಂದರೇನೆಂದು ಗೊತ್ತಿರಲಿಕ್ಕಿಲ್ಲ, ನಿಮಗೆ ಗೊತ್ತಿದೆ. ಒಂದು ಭಾನುವಾರ ಅವರ ಮನೆಗೆ ಹೋಗಿ ಯಾವ ವಿಷಯಕ್ಕೆ ಯಾವ ದಾರಿ ಎಂದು ಕಾಗದದ ಮೇಲೆ ಬರೆದುಕೊಡಿ. ಅರ್ಜಿ ಹಾಕುವ ದಿನ ಅಪ್ಪನಿಗೆ ಇಂಗ್ಲಿಷ್ ಬಾರದಿದ್ದರೆ ಜೊತೆಗೆ ಹೋಗಿ ನಿಲ್ಲಿ. “ಬೇಡಮ್ಮ” ಎಂದು ಯಾರಾದರೂ ಅಂದರೆ, “ಸ್ವಲ್ಪ ಇರಿ ಸಾರ್, ಅವಳು ಏನಂತಾಳೆ ಕೇಳೋಣ” ಅನ್ನಿ.