ಅವ್ವ ಹತ್ತಲಾರದ ಗಾಡಿ

ನನ್ನ ತಮ್ಮನ ಮಗ ಹೋದ ವರ್ಷ ಒಂದು ದೊಡ್ಡ ಗಾಡಿ ಕೊಂಡ. ಕಾರು ಎಂದರೆ ಅವನಿಗೆ ಸಿಟ್ಟು, ಎಸ್‌ಯುವಿ ಎನ್ನಬೇಕು. ಹೊಳಲಿನ ನಮ್ಮ ಬೀದಿಗೆ ಅದು ಬಂದು ನಿಂತಾಗ ಎದುರಿನಿಂದ ಬರುತ್ತಿದ್ದ ಕಬ್ಬಿನ ಗಾಡಿ ಹಿಂದಕ್ಕೆ ಸರಿಯಬೇಕಾಯಿತು. ಪೂಜೆಯಾಯಿತು, ಚಕ್ರದಡಿಯ ನಿಂಬೆಹಣ್ಣು ಅಪ್ಪಚ್ಚಿಯಾಯಿತು. ಆಮೇಲೆ ಅವನು ಒಂದೊಂದಾಗಿ ತೋರಿಸಿದ: ಬೆನ್ನಿಗೆ ತಣ್ಣನೆ ಗಾಳಿ ಊದುವ ಸೀಟು, ಬಾಯಿಮಾತಿಗೆ ತೆರೆದುಕೊಳ್ಳುವ ಛಾವಣಿ, ಮಣೆಯಗಲದ ಪರದೆ. “ಕಾಡು ಗುಡ್ಡ ಎಲ್ಲಿಗಾದ್ರೂ ನುಗ್ತದೆ ದೊಡ್ಡಪ್ಪ” ಎಂದ. ಹೊಳಲಿನಿಂದ ಮಂಡ್ಯಕ್ಕೆ ಹೋಗಲು ಯಾವ ಗುಡ್ಡ ಹತ್ತಬೇಕಪ್ಪ ಎಂದು ನಾನು ಕೇಳಲಿಲ್ಲ. ಹೊಸ ಗಾಡಿಯ ಮುಂದೆ ಅಪಶಕುನ ನುಡಿಯಬಾರದು.

ನುಡಿಯಬೇಕಾದ ದಿನ ಮೂರೇ ತಿಂಗಳಲ್ಲಿ ಬಂತು. ಮಂಡಿ ಆಪರೇಷನ್ ಮಾಡಿಸಿಕೊಂಡಿದ್ದ ನಮ್ಮ ಅವ್ವನನ್ನು ಮೈಸೂರಿನ ಆಸ್ಪತ್ರೆಯಿಂದ ಮನೆಗೆ ಕರೆತರಬೇಕಿತ್ತು. ಗಾಡಿಯ ನೆಲ ಅವಳ ಮಂಡಿಯ ಮಟ್ಟಕ್ಕಿತ್ತು. ಆ ಮಂಡಿಯೇ ಕೊಯ್ಸಿಕೊಂಡ ಮಂಡಿ. ಕೊನೆಗೆ ನಾವಿಬ್ಬರೂ ಕಂಕುಳಿಗೆ ಕೈಕೊಟ್ಟು ಎತ್ತಿ ಮುಂದಿನ ಸೀಟಿಗೆ ಸೇರಿಸಿದೆವು. ಅವ್ವ ನೋವಿಗೆ ಕೂಗಲಿಲ್ಲ. ಸುತ್ತ ನಿಂತ ಜನ ನೋಡುತ್ತಿದ್ದರಲ್ಲ, ಅದಕ್ಕೆ ಸೆರಗಿನಿಂದ ಮುಖ ಮುಚ್ಚಿಕೊಂಡಳು.

ಇನ್ನು ಸಾಮಾನು. ವಾಕರ್, ಹಾಸಿಗೆಯ ಸುರುಳಿ, ಬಟ್ಟೆಯ ಗಂಟು, ಕಮೋಡ್ ಕುರ್ಚಿ. ಹಿಂಬಾಗಿಲು ತೆಗೆದರೆ ಮೂರನೇ ಸಾಲಿನ ಸೀಟಿನ ಬೆನ್ನಿಗೂ ಬಾಗಿಲಿಗೂ ನಡುವೆ ಒಂದು ಗೇಣು ಜಾಗ. ಸೀಟು ಮಡಚಿದೆವು. ಅದು ನೆಲಕ್ಕೆ ಮಲಗದೆ ಗುಡ್ಡೆಯಾಗಿ ಕೂತಿತು. ವಾಕರ್ ತೂರಿತು, ಹಾಸಿಗೆ ತುರುಕಿದೆವು, ಕುರ್ಚಿ ಮಾತ್ರ ಹಿಡಿಸಲಿಲ್ಲ. ಅದನ್ನು ತೊಡೆಯ ಮೇಲಿಟ್ಟುಕೊಂಡೇ ನಾನು ಶ್ರೀರಂಗಪಟ್ಟಣ ದಾಟಿದೆ. “ನಿಮ್ಮಪ್ಪನ ಎತ್ತಿನ ಗಾಡೀಲಿ ಕಾಲು ನೀಡ್ಕಂಡು ಬತ್ತಿದ್ದೆ ಕಣಪ್ಪ” ಎಂದಳು ಅವ್ವ.

ನನ್ನ ಜಗಳ ಹುಡುಗನ ಮೇಲಲ್ಲ, ಅವನಿಗೆ ಆ ಗಾಡಿ ಮಾರಿದ ಅಳತೆಗಳ ಮೇಲೆ. ಸಾಮಾನಿನ ಜಾಗ ಇಷ್ಟು ಲೀಟರ್ ಎಂದು ಅಚ್ಚು ಹಾಕುತ್ತಾರೆ. ಅದನ್ನು ಅಳೆಯುವ ಒಂದು ಕ್ರಮ ಹೀಗಿದೆ: 20 ಸೆಂಟಿಮೀಟರ್ ಉದ್ದ, 10 ಅಗಲ, 5 ದಪ್ಪದ, ಅಂದರೆ ತಲಾ ಒಂದು ಲೀಟರಿನ ಇಟ್ಟಿಗೆಗಳನ್ನು ಸಂದುಗೊಂದಿಗೆಲ್ಲ ಜೋಡಿಸಿ ಎಣಿಸುತ್ತಾರೆ. ಕಿಟಕಿಯ ಅಂಚಿನವರೆಗೆ ಜೋಡಿಸಿದರೆ ಒಂದು ಲೆಕ್ಕ, ಛಾವಣಿಯವರೆಗೆ ಜೋಡಿಸಿದರೆ ಇನ್ನೊಂದು. ಲೆಕ್ಕ ಸುಳ್ಳಲ್ಲ. ಆದರೆ ಐವತ್ತು ಕೆಜಿ ರಾಗಿಯ ಮೂಟೆ ಇಟ್ಟಿಗೆಯಾಗಿ ಒಡೆದುಕೊಂಡು ಸಂದಿಯಲ್ಲಿ ಕೂರುವುದಿಲ್ಲ. ಅವ್ವನ ಕುರ್ಚಿಯೂ ಕೂರಲಿಲ್ಲ. ಏಳು ಸೀಟೆಂದು ಹೊಗಳುತ್ತಾರೆ. ತಲೆಗೆ 65 ಕೆಜಿಯಂತೆ ಏಳು ಜನಕ್ಕೇ 455 ಕೆಜಿ. ಅವರ ಜೊತೆಗೆ ಗಾಡಿ ಇನ್ನೆಷ್ಟು ಹೊರಬಲ್ಲದು ಎನ್ನುವ ಅಂಕಿಯನ್ನು ನಾನಂತೂ ಜಾಹೀರಾತಿನ ದಪ್ಪಕ್ಷರದಲ್ಲಿ ಕಂಡಿಲ್ಲ.

ಸರ್ಕಾರದ ಅಳತೆಯನ್ನೂ ನೋಡಿ. ಯಾವ ಗಾಡಿಗೆ ಹೆಚ್ಚಿನ ತೆರಿಗೆ ಎಂದು ತೀರ್ಮಾನಿಸುವಾಗ 2023ರ ಜುಲೈನಲ್ಲಿ ಜಿಎಸ್‌ಟಿ ಮಂಡಳಿ ಉದ್ದ 4 ಮೀಟರಿಗಿಂತ ಹೆಚ್ಚು, ಎಂಜಿನ್ 1500 ಸಿಸಿಗಿಂತ ಹೆಚ್ಚು, ನೆಲದಿಂದ ಎತ್ತರ ಕನಿಷ್ಠ 170 ಮಿಲಿಮೀಟರ್ ಎಂದಿತು. ಆ ಎತ್ತರವನ್ನು ಹೊರೆಯಿಲ್ಲದಾಗ ಅಳೆಯಬೇಕು ಎಂದೂ ಸೇರಿಸಿತು. ತೆರಿಗೆಗೆ ಅದು ಸರಿಯೇ ಇರಬಹುದು. ನಾವು ಮಾತ್ರ ಬರಿಗಾಡಿಯನ್ನು ನೋಡಿ ಕೊಂಡು, ತುಂಬಿದ ಗಾಡಿಯಲ್ಲಿ ಬಾಳಬೇಕಾದವರು.

ಹಿಂದೆಲ್ಲ ಚೆನ್ನಾಗಿತ್ತು ಎಂದು ಹಲುಬುವವನು ನಾನಲ್ಲ. 1994ರಲ್ಲಿ ಟಾಟಾ ಸುಮೋ ಬಂತು, 2000ದಲ್ಲಿ ನಮ್ಮ ಹೆದ್ದಾರಿಯ ಬಿಡದಿಯಲ್ಲೇ ತಯಾರಾದ ಕ್ವಾಲಿಸ್ ಬಂತು. ಮದುವೆಯ ದಿಬ್ಬಣಗಳೇ ಅವುಗಳಲ್ಲಿ ಸಾಗಿದವು. ಹಿಂದೆ ಒತ್ತೊತ್ತಾಗಿ ಕೂತು ಹೋದ ನಮಗೆ ಏನೂ ಆಗದೆ ಉಳಿದದ್ದು ದೇವರ ದಯೆ. ಇವತ್ತಿನ ಏರ್‌ಬ್ಯಾಗು, ಗಟ್ಟಿ ಚೌಕಟ್ಟು, 2023ರ ಅಕ್ಟೋಬರಿನಲ್ಲಿ ಜಾರಿಗೆ ಬಂದ ಭಾರತ್ ಎನ್‌ಕ್ಯಾಪ್ ಕೊಡುತ್ತಿರುವ ನಕ್ಷತ್ರಗಳು ಬೇಕೇ ಬೇಕು. ಮಂಡ್ಯದ ಏಪ್ರಿಲ್ ಸೆಕೆಯಲ್ಲಿ ತಣ್ಣನೆಯ ಸೀಟು ಬೇಡವೆನ್ನುವಷ್ಟು ವೈರಾಗ್ಯವೂ ನನಗೆ ಬಂದಿಲ್ಲ.

ಆದರೆ ಎಲ್ಲ ತಂತ್ರಜ್ಞಾನವೂ ಒಂದೇ ತಕ್ಕಡಿಯದಲ್ಲ. ಅವ್ವನಿಗೆ ಚಳಿಯೆಂದು ಏಸಿ ತಗ್ಗಿಸಲು ಹುಡುಗ ಆವತ್ತು ಪರದೆಯ ಮೇಲೆ ಬೆರಳಾಡಿಸುತ್ತ ಹುಡುಕಿದ. ಗಂಟೆಗೆ 80 ಕಿಲೋಮೀಟರಿನಲ್ಲಿ ಗಾಡಿ ಒಂದು ಸೆಕೆಂಡಿಗೆ 22 ಮೀಟರ್ ಹೋಗುತ್ತದೆ. ಅಷ್ಟು ದೂರ ರಸ್ತೆಯನ್ನು ಯಾರೂ ನೋಡುತ್ತಿರಲಿಲ್ಲ. ತಿರುಗಿಸುವ ಒಂದು ಗುಂಡಿಯಿದ್ದರೆ ಕಣ್ಣು ಬೇಕಿರಲಿಲ್ಲ, ಕೈಗೇ ದಾರಿ ಗೊತ್ತಿರುತ್ತಿತ್ತು. ಯೂರೋಪಿನ ಯೂರೋ ಎನ್‌ಕ್ಯಾಪ್ ಕೂಡ ಇಂಡಿಕೇಟರ್, ವೈಪರ್, ಹಾರನ್ನಿನಂಥವುಗಳಿಗೆ ಪರದೆ ಸಾಲದು, ಬೇರೆ ಗುಂಡಿಗಳಿರಬೇಕು ಎಂದು 2026ರಿಂದ ಅಂಕ ಕೊಡುವ ಕ್ರಮವನ್ನೇ ಬದಲಿಸಿದೆ.

ಆದ್ದರಿಂದ ಗಾಡಿ ಕೊಳ್ಳಹೊರಟವರಿಗೆ ನನ್ನ ಮಾತಿಷ್ಟೆ. ಷೋರೂಮಿಗೆ ಒಬ್ಬರೇ ಹೋಗಬೇಡಿ. ಮನೆಯ ಹಿರಿಯರನ್ನು ಕರೆದೊಯ್ದು ಹತ್ತಿಸಿ, ಇಳಿಸಿ. ಒಂದು ಮೂಟೆ ಒಯ್ದು ಹಿಂದೆ ಇಟ್ಟು ಬಾಗಿಲು ಹಾಕಿ ನೋಡಿ. ಕೊಡಿಸುವ ಯಜಮಾನರು ಕೊನೆಯ ಸಾಲಿನಲ್ಲಿ ಕೂತು, ಹಳ್ಳಿಯ ರಸ್ತೆಯಲ್ಲಿ ಹತ್ತು ಕಿಲೋಮೀಟರ್ ಹೋಗಿ ಬರಲಿ. ಮಾರುವವರು ನಕ್ಕರೆ ನಗಲಿ. ಕಂತು ಕಟ್ಟುವವರು ನೀವು.

ಮೊನ್ನೆ ಅವ್ವನನ್ನು ಮಂಡ್ಯದ ಡಾಕ್ಟರಿಗೆ ತೋರಿಸಬೇಕಿತ್ತು. ಹುಡುಗ ಗಾಡಿ ತೊಳೆದು ನಿಲ್ಲಿಸಿದ್ದ. ಅವ್ವ ವಾಕರ್ ಊರುತ್ತ ಅದನ್ನು ದಾಟಿ ಹೋಗಿ, ಬೀದಿಯ ತುದಿಯಲ್ಲಿದ್ದ ಆಟೋದಲ್ಲಿ ಯಾರ ಕೈಯೂ ಹಿಡಿಯದೆ ಕೂತಳು. ಹಿಂದೆ ಹಿಂದೆ ಹುಡುಗನ ಗಾಡಿ ಬಂತು, ಏಸಿ ಹಾಕಿಕೊಂಡು, ಅವ್ವನ ವಾಕರ್ ಒಂದನ್ನೇ ಕೂರಿಸಿಕೊಂಡು.