ಆಕಿಲ್ ದ್ವೀಪದ ಸೈಕಲ್ ದಾರಿ ಮತ್ತು ಸ್ಥಳಚರಿತ್ರೆ

ಐರ್ಲೆಂಡಿನ ಪಶ್ಚಿಮ ತೀರದ ಮೇಯೊ ಸೀಮೆಯಲ್ಲಿ ವೆಸ್ಟ್‌ಪೋರ್ಟ್ ಪಟ್ಟಣದಿಂದ ಆಕಿಲ್ ದ್ವೀಪದ ಅಂಚಿನವರೆಗೆ ಸುಮಾರು 42 ಕಿಲೋಮೀಟರ್ ಉದ್ದದ ಒಂದು ದಾರಿಯಿದೆ. 'ಗ್ರೇಟ್ ವೆಸ್ಟರ್ನ್ ಗ್ರೀನ್‌ವೇ' ಎಂಬುದು ಅದರ ಹೆಸರು. ಮೋಟಾರು ವಾಹನಗಳಿಗೆ ಅಲ್ಲಿ ಪ್ರವೇಶವಿಲ್ಲ. ಸೈಕಲ್ ಸವಾರರಿಗೂ ಕಾಲ್ನಡೆಯವರಿಗೂ ಅದು ಮೀಸಲು. 1937ರಲ್ಲಿ ಮುಚ್ಚಿಹೋದ ರೈಲುಮಾರ್ಗದ ಜಾಡಿನಲ್ಲೇ ಅದನ್ನು ರೂಪಿಸಲಾಗಿದೆ. ಉಗಿಬಂಡಿ ಕಡಿದಾದ ಏರನ್ನು ಹತ್ತಲಾರದಾದ್ದರಿಂದ ಆ ಜಾಡು ಬಹುಮಟ್ಟಿಗೆ ಸಮತಲವಾಗಿದೆ. ಅಭ್ಯಾಸವಿಲ್ಲದವರೂ ಒಂದೇ ದಿನದಲ್ಲಿ ಕ್ರಮಿಸಬಲ್ಲರು. ಒಂದು ಮಗ್ಗುಲಲ್ಲಿ ಕ್ಲ್ಯೂ ಕೊಲ್ಲಿ ಮತ್ತು ಅದರ ತುಂಬ ಚದುರಿದ ಪುಟ್ಟ ದ್ವೀಪಗಳು, ಆಚೆ ದಡದಲ್ಲಿ ಯಾತ್ರಿಕರು ಜುಲೈ ತಿಂಗಳ ಕೊನೆಯ ಭಾನುವಾರ ಹತ್ತುವ ಕ್ರೋಗ್ ಪ್ಯಾಟ್ರಿಕ್ ಬೆಟ್ಟ, ಇನ್ನೊಂದು ಮಗ್ಗುಲಲ್ಲಿ ಜೌಗು ನೆಲ. ನ್ಯೂಪೋರ್ಟ್ ದಾಟಿದರೆ ಹದಿನೈದನೆಯ ಶತಮಾನದ ಬರಿಶೂಲ್ ಮಠದ ಅವಶೇಷಗಳೂ ಕಡಲನ್ನು ಆಳಿದ ಗ್ರೇಸ್ ಓ'ಮ್ಯಾಲಿಯ ರಾಕ್‌ಫ್ಲೀಟ್ ಕೋಟೆಯೂ ಹತ್ತಿರದಲ್ಲೇ ಸಿಗುತ್ತವೆ. 1593ರಲ್ಲಿ ಇಂಗ್ಲೆಂಡಿನ ರಾಣಿ ಎಲಿಜಬೆತ್ತಳನ್ನು ಮುಖಾಮುಖಿ ಕಂಡು ಮಾತಾಡಿ ಬಂದ ಹೆಂಗಸು ಆಕೆ.

ಇಂಥ ದಾರಿಗಳು ಈಗ ಐರ್ಲೆಂಡಿನಾದ್ಯಂತ ಹಬ್ಬಿವೆ. ವಾಟರ್‌ಫರ್ಡಿನಿಂದ ಡಂಗಾರ್ವನ್‌ವರೆಗಿನ 46 ಕಿಲೋಮೀಟರಿನ ದಾರಿ 2017ರಲ್ಲಿ ತೆರೆಯಿತು. ರಾಯಲ್ ಕಾಲುವೆಯ ದಂಡೆಯ ದಾರಿ 2021ರಲ್ಲಿ. ಇವು ಒಳ್ಳೆಯ ಕೆಲಸಗಳೆಂಬುದರಲ್ಲಿ ಸಂದೇಹವಿಲ್ಲ. ಪಾಳುಬಿದ್ದ ಹಳಿಗಳ ಜಾಡು ಜನಬಳಕೆಗೆ ಮರಳಿದೆ, ಸಣ್ಣ ಊರುಗಳಿಗೆ ಆದಾಯ ಬಂದಿದೆ. ಆಕ್ಷೇಪವಿರುವುದು ಈ ದಾರಿಗಳನ್ನು ವರ್ಣಿಸುವ ಭಾಷೆಯ ಬಗ್ಗೆ. ಪ್ರವಾಸದ ಕೈಪಿಡಿಗಳು ಪಶ್ಚಿಮ ಐರ್ಲೆಂಡನ್ನು ನಿರ್ಜನ, ಅಸ್ಪೃಷ್ಟ, ಆದಿಮ ಪ್ರಕೃತಿ ಎಂದು ಹೊಗಳುತ್ತವೆ. ಈ ವಿಶೇಷಣಗಳು ಚಾರಿತ್ರಿಕವಾಗಿ ಸುಳ್ಳು. ಅಲ್ಲಿನ ನಿರ್ಜನತೆ ಪ್ರಕೃತಿದತ್ತವಾದುದಲ್ಲ, ಅದಕ್ಕೆ ಇಸವಿಗಳಿವೆ. 1841ರ ಜನಗಣತಿಯಲ್ಲಿ ಐರ್ಲೆಂಡಿನ ಜನಸಂಖ್ಯೆ 81 ಲಕ್ಷವನ್ನು ಮೀರಿತ್ತು; 1851ರ ಹೊತ್ತಿಗೆ ಅದು ಸುಮಾರು 65 ಲಕ್ಷಕ್ಕೆ ಇಳಿದಿತ್ತು. ಆಲೂಗೆಡ್ಡೆಯ ಬೆಳೆಗೆ ರೋಗ ತಗುಲಿದ 1845ರಿಂದ ಮುಂದಿನ ಕೆಲವು ವರ್ಷಗಳಲ್ಲಿ ಹತ್ತು ಲಕ್ಷದಷ್ಟು ಜನ ಹಸಿವಿನಿಂದಲೂ ಅದರ ಬೆನ್ನಿಗೆ ಬಂದ ಜ್ವರಗಳಿಂದಲೂ ಸತ್ತರು, ಹತ್ತು ಲಕ್ಷಕ್ಕೂ ಹೆಚ್ಚು ಜನ ದೇಶ ಬಿಟ್ಟರು. ಮೇಯೊ ಅತಿ ಹೆಚ್ಚು ನಲುಗಿದ ಸೀಮೆಗಳಲ್ಲೊಂದು. ಬೆಟ್ಟಗಳ ಓರೆಯಲ್ಲಿ ಇಳಿಬಿಸಿಲು ಬಿದ್ದಾಗ ಹುಲ್ಲಿನಡಿಯಿಂದ ಎದ್ದು ಕಾಣುವ ಸಾಲುಸಾಲು ದಿಂಡುಗಳು ಆಲೂಗೆಡ್ಡೆ ಬೆಳೆಯುತ್ತಿದ್ದ ಪಾತಿಗಳು. ಸವಾರನ ಕಣ್ಣಿಗೆ ಅವು ಭೂಮಿಯ ಸಹಜ ವಿನ್ಯಾಸದಂತೆ ತೋರುತ್ತವೆ. ಓದಲು ಬಾರದವನಿಗೆ ಶಾಸನದ ಅಕ್ಷರವೂ ಹೀಗೆಯೇ, ಕಲ್ಲಿನ ಮೇಲಿನ ಗೀಚು.

ಆಕಿಲ್ ರೈಲುಮಾರ್ಗದ ಚರಿತ್ರೆಯನ್ನೇ ನೋಡಬಹುದು. ಬರಪೀಡಿತ ಪಶ್ಚಿಮದಲ್ಲಿ ಸರ್ಕಾರದ ನೆರವಿನಿಂದ ಹಗುರ ರೈಲುಮಾರ್ಗಗಳನ್ನು ಹಾಕಲು 1889ರಲ್ಲಿ ಒಂದು ಕಾಯಿದೆ ಬಂತು. ಆಗ ಐರ್ಲೆಂಡಿನ ಮುಖ್ಯ ಕಾರ್ಯದರ್ಶಿಯಾಗಿದ್ದವನು ಆರ್ಥರ್ ಬಾಲ್ಫರ್. ಅದರ ಫಲವಾಗಿ ಮಿಡ್‌ಲ್ಯಾಂಡ್ ಗ್ರೇಟ್ ವೆಸ್ಟರ್ನ್ ಕಂಪನಿ ವೆಸ್ಟ್‌ಪೋರ್ಟಿನಿಂದ ಆಕಿಲ್ ಕಡೆಗೆ ಹಳಿ ಹಾಕಿತು. ಆ ಮಾರ್ಗ ಪೂರ್ತಿಯಾಗಿ ಸಂಚಾರಕ್ಕೆ ತೆರೆದದ್ದು 1895ರಲ್ಲಿ. ಆದರೆ ಅದಕ್ಕೂ ಮೊದಲೇ, 1894ರ ಜೂನ್ ತಿಂಗಳಲ್ಲಿ, ಅದರ ಮೇಲೆ ಒಂದು ವಿಶೇಷ ಬಂಡಿ ಓಡಿತ್ತು. ಸ್ಕಾಟ್ಲೆಂಡಿನ ಹೊಲಗಳಿಗೆ ಆಲೂಗೆಡ್ಡೆ ಕೀಳುವ ಕೂಲಿಗೆ ಹೊರಟಿದ್ದ ಆಕಿಲ್‌ನ ಯುವಕ ಯುವತಿಯರ ದೋಣಿ ವೆಸ್ಟ್‌ಪೋರ್ಟ್ ಧಕ್ಕೆಯ ಬಳಿ ಮಗುಚಿತು. ತಮ್ಮನ್ನು ಕರೆದೊಯ್ಯಲು ನಿಂತಿದ್ದ ಹಡಗನ್ನು ನೋಡುವ ಆತುರದಲ್ಲಿ ಎಲ್ಲರೂ ಒಂದೇ ಮಗ್ಗುಲಿಗೆ ನುಗ್ಗಿದರೆಂದು ಹೇಳುತ್ತಾರೆ. ಮೂವತ್ತೆರಡು ಜನ ಮುಳುಗಿ ಸತ್ತರು. ಆ ಶವಗಳನ್ನು ಊರಿಗೆ ತಂದದ್ದು ಇನ್ನೂ ಪೂರ್ಣಗೊಂಡಿರದ ಮಾರ್ಗದ ಮೊದಲ ರೈಲು. ನಲವತ್ತಮೂರು ವರ್ಷಗಳ ನಂತರ, 1937ರ ಸೆಪ್ಟೆಂಬರಿನಲ್ಲಿ, ಸ್ಕಾಟ್ಲೆಂಡಿನ ಕರ್ಕಿಂಟಿಲಾಕ್ ಎಂಬಲ್ಲಿ ಅದೇ ಕೂಲಿಗೆ ಹೋಗಿದ್ದ ಆಕಿಲ್‌ನ ಹತ್ತು ಮಂದಿ ಹುಡುಗರು ಮಲಗಿದ್ದ ಕೊಟ್ಟಿಗೆಯಂಥ ಮನೆಗೆ ಬೆಂಕಿ ಬಿದ್ದು ಸತ್ತುಹೋದರು. ಅವರಲ್ಲಿ ಕಿರಿಯನಿಗೆ ಹದಿಮೂರು ವರ್ಷ. ಮುಚ್ಚುವ ನಿರ್ಧಾರವಾಗಿದ್ದ ಮಾರ್ಗದ ಕೊನೆಯ ದಿನಗಳಲ್ಲಿ ಆ ಹತ್ತು ಶವಗಳೂ ರೈಲಿನಲ್ಲೇ ಬಂದವು.

ಈ ಎರಡು ದುರಂತಗಳ ನೆನಪು ಅಲ್ಲಿ ಅಳಿದಿಲ್ಲ. ಅದು ಒಂದು ಕಾಲಜ್ಞಾನದ ರೂಪದಲ್ಲಿ ಉಳಿದಿದೆ. ಬ್ರಿಯಾನ್ ರುವಾ ಎಂಬ ಹಳೆಯ ಕಾಲದ ದಾರ್ಶನಿಕನೊಬ್ಬ, ಕಬ್ಬಿಣದ ಚಕ್ರಗಳ ಬಂಡಿ ಬೆಂಕಿ ಉಗುಳುತ್ತ ಆಕಿಲ್‌ಗೆ ಬರುವುದೆಂದೂ ಅದರ ಮೊದಲ ಮತ್ತು ಕೊನೆಯ ಪಯಣದಲ್ಲಿ ಹೆಣಗಳಿರುವುವೆಂದೂ ನುಡಿದಿದ್ದನಂತೆ. ಸೈಕಲ್ ದಾರಿಯ ಕುರಿತ ಬರಹಗಳಲ್ಲೆಲ್ಲ ಈ ಐತಿಹ್ಯ ಸ್ವಾರಸ್ಯದ ಅಲಂಕಾರವಾಗಿ ಬರುತ್ತದೆ. ಜನಪದ ಅಧ್ಯಯನದ ದೃಷ್ಟಿಯಿಂದ ಅದಕ್ಕೆ ಬೆಲೆಯಿದೆ: ಹೇಳಲಾಗದ ದುಃಖವನ್ನು ಒಂದು ಸಮುದಾಯ ವಿಧಿಯ ಲೆಕ್ಕಕ್ಕೆ ಬರೆದು ಸೈರಿಸಿಕೊಂಡ ಬಗೆ ಅದು. ಆದರೆ ಪ್ರವಾಸಿಗನಿಗೆ ಐತಿಹ್ಯವನ್ನಷ್ಟೇ ಕೊಟ್ಟಾಗ ಕಾರಣ ಮರೆಯಾಗುತ್ತದೆ. ಆ ಮಕ್ಕಳು ಸತ್ತದ್ದು ಶಾಪದಿಂದಲ್ಲ. ಆಕಿಲ್‌ನ ತುಂಡು ನೆಲ ಸಂಸಾರವನ್ನು ಸಾಕಲಾರದೆ ವರ್ಷವರ್ಷವೂ ಮನೆಮಂದಿ ಗುಳೆ ಹೋಗಬೇಕಾಗಿತ್ತು. 1894ರಲ್ಲಿ ಇದ್ದ ಆ ಸ್ಥಿತಿ 1937ರಲ್ಲೂ, ದೇಶ ಸ್ವತಂತ್ರವಾಗಿ ಹದಿನೈದು ವರ್ಷ ಕಳೆದ ಮೇಲೂ, ಬದಲಾಗಿರಲಿಲ್ಲ. ಐತಿಹ್ಯವನ್ನು ಕಿತ್ತುಹಾಕಬೇಕೆಂದು ಯಾರೂ ಹೇಳುವುದಿಲ್ಲ. ಅದರ ಪಕ್ಕದಲ್ಲಿ ಕೂಲಿಯ ಮಾತೂ ಇರಬೇಕು.

ಹಾಗೆ ಇರಿಸಲು ಸಾಧ್ಯವೆಂಬುದಕ್ಕೆ ಐರ್ಲೆಂಡಿನಲ್ಲೇ ನಿದರ್ಶನವಿದೆ. 1847ರ ಮೇ ತಿಂಗಳಲ್ಲಿ ರಾಸ್‌ಕಾಮನ್ ಸೀಮೆಯ ಸ್ಟ್ರೋಕ್ಸ್‌ಟೌನ್ ಜಮೀನುದಾರಿಯಿಂದ 1,490 ಮಂದಿ ಒಕ್ಕಲುಗಳನ್ನು ಹೊರಹಾಕಲಾಯಿತು. ಅವರು ರಾಯಲ್ ಕಾಲುವೆಯ ದಂಡೆ ಹಿಡಿದು ಡಬ್ಲಿನ್‌ವರೆಗೆ ನಡೆದು, ಲಿವರ್‌ಪೂಲ್ ಮೂಲಕ ಕೆನಡಾದ ಹಡಗು ಹತ್ತಿದರು; ಅವರಲ್ಲಿ ಅನೇಕರು ಆ ದಡ ಕಾಣಲಿಲ್ಲ. ಜಮೀನುದಾರ ಡೆನಿಸ್ ಮಾಹನ್ ಅದೇ ವರ್ಷ ನವೆಂಬರಿನಲ್ಲಿ ಗುಂಡಿಗೆ ಬಲಿಯಾದ. ಅವರು ನಡೆದ 165 ಕಿಲೋಮೀಟರಿನ ಹಾದಿ ಇಂದು 'ನ್ಯಾಷನಲ್ ಫ್ಯಾಮಿನ್ ವೇ' ಎಂಬ ಹೆಸರಿನಲ್ಲಿ ನಡೆಯುವವರಿಗೂ ಸೈಕಲ್ ಸವಾರರಿಗೂ ತೆರೆದಿದೆ. ದಾರಿಯುದ್ದಕ್ಕೂ ಮೂವತ್ತಕ್ಕೂ ಹೆಚ್ಚು ಕಡೆ ಮಕ್ಕಳ ಪುಟ್ಟ ಬೂಟುಗಳ ಕಂಚಿನ ಪ್ರತಿಕೃತಿಗಳನ್ನು ನಿಲ್ಲಿಸಿದ್ದಾರೆ. ನೀರು, ಕಮಲ, ಹಂಸ ಎಲ್ಲವೂ ಅಲ್ಲಿವೆ. ಯಾರ ಆನಂದಕ್ಕೂ ಭಂಗ ಬಂದಿಲ್ಲ. ರಜೆಯ ದಿನ ಹಗುರಾಗಲು ಬಂದವರ ಮೇಲೆ ಚರಿತ್ರೆಯ ಭಾರ ಹೇರಬಾರದು ಎನ್ನುವವರು ಈ ದಾರಿಯನ್ನೊಮ್ಮೆ ಗಮನಿಸಬೇಕು. ಕನ್ನಡದ 'ವಿಹಾರ' ಎಂಬ ಪದ ಜೈನ ಮುನಿಗಳ ಬರಿಗಾಲ ಸಂಚಾರಕ್ಕೂ ಸಂಜೆಯ ಸುತ್ತಾಟಕ್ಕೂ ಸಲ್ಲುವುದು ಇಲ್ಲಿ ಸುಮ್ಮನೆ ನೆನಪಿಗೆ ಬರುತ್ತದೆ.

ಸಾಹಿತ್ಯದ ವಿದ್ಯಾರ್ಥಿಗಳಿಗೆ ಇದಕ್ಕಿಂತ ಹತ್ತಿರದ ಪ್ರಶ್ನೆ ಹೆಸರುಗಳದು. ದಾರಿ ಆರಂಭವಾಗುವ ಊರು ಇಂಗ್ಲಿಷಿನಲ್ಲಿ ವೆಸ್ಟ್‌ಪೋರ್ಟ್, ಪಡುವಣ ಬಂದರು. ಐರಿಷ್ ಭಾಷೆಯಲ್ಲಿ ಅದು 'ಕಹರ್ ನ ಮಾರ್ತ್', ದನಗಳ ಕಲ್ಲುಕೋಟೆ. ಒಂದು ಹೆಸರು ವ್ಯಾಪಾರಿಯ ಕಣ್ಣಿನದು, ಇನ್ನೊಂದು ಗೋವಳರದು. ಒಂದು ಇನ್ನೊಂದರ ಅನುವಾದವಲ್ಲ. ನ್ಯೂಪೋರ್ಟಿನ ಐರಿಷ್ ಹೆಸರಿನಲ್ಲಿ ಬಂದರಿನ ಸುಳಿವೇ ಇಲ್ಲ, ಒಂದು ಮನೆತನದ ಹೆಸರಿದೆ. ಮಲ್ರಾನಿ ಎಂಬುದು ಮಾತ್ರ ಐರಿಷಿನ ಧ್ವನಿಯನ್ನೇ ಇಂಗ್ಲಿಷ್ ಕಾಗುಣಿತಕ್ಕೆ ಒಗ್ಗಿಸಿದ ರೂಪ. ಮೂಲದಲ್ಲಿ ಜರೀಗಿಡಗಳ ದಿಬ್ಬ. ಮಧ್ಯಯುಗದ ಐರಿಷ್ ಸಾಹಿತ್ಯದಲ್ಲಿ 'ದಿನ್‌ಶೆನಖಸ್' ಎಂಬ ಒಂದು ಪ್ರಕಾರವೇ ಇದೆ: ಊರು, ಬೆಟ್ಟ, ಹೊಳೆಗಳಿಗೆ ಆ ಹೆಸರು ಏಕೆ ಬಂತೆಂದು ಗದ್ಯ ಪದ್ಯಗಳಲ್ಲಿ ಹೇಳುವ ಸ್ಥಳಪುರಾಣ. ಅಂಥ ಪರಂಪರೆಯ ನಾಡಿನಲ್ಲಿ ರಸ್ತೆಫಲಕಗಳ ಮೇಲೆ ಐರಿಷ್ ಹೆಸರು ಓರೆಯಕ್ಷರದಲ್ಲಿಯೂ ಇಂಗ್ಲಿಷ್ ಹೆಸರು ದಪ್ಪಕ್ಷರದಲ್ಲಿಯೂ ಇರುತ್ತದೆ. ಎರಡೂ ಇದೆಯಲ್ಲ ಎಂಬುದು ನಿಜ, ಆದರೆ ಅರ್ಥ ಎಲ್ಲಿಯೂ ಇಲ್ಲ.

ಹೆಸರುಗಳನ್ನು ಈ ರೂಪಕ್ಕೆ ತಂದದ್ದು 1824ರಲ್ಲಿ ಆರಂಭವಾದ ಆರ್ಡ್‌ನೆನ್ಸ್ ಸರ್ವೆ. ಬ್ರಿಯಾನ್ ಫ್ರೀಲ್‌ನ 'ಟ್ರಾನ್ಸ್‌ಲೇಷನ್ಸ್' (1980) ನಾಟಕ ಓದಿದವರಿಗೆ ಆ ಪ್ರಸಂಗ ಗೊತ್ತು. ನಾಟಕದ ಪ್ರಭಾವದಿಂದ ಸರ್ವೆ ಎಂದರೆ ಭಾಷಾಹತ್ಯೆ ಎಂಬ ಸರಳ ತೀರ್ಮಾನ ಹರಡಿದೆ; ಅದನ್ನು ಒಪ್ಪುವುದು ಕಷ್ಟ. ಸರ್ವೆಗಾಗಿ 1830ರಿಂದ ದುಡಿದ ಜಾನ್ ಓ'ಡೊನೊವನ್ ಸೀಮೆಯಿಂದ ಸೀಮೆಗೆ ಅಲೆದು, ಮುದುಕರ ಬಾಯಿಂದ ಹೆಸರುಗಳ ಮೂಲರೂಪ ಕೇಳಿ ಬರೆದಿಟ್ಟ. ಅಳಿಸಿದ ಕೈಯೇ ಪುನರ್ರಚನೆಯ ಸಾಮಗ್ರಿಯನ್ನೂ ಉಳಿಸಿತು. ಪ್ರತಿ ಗ್ರಾಮಾಂತರದ ಸ್ಥಳವೃತ್ತಾಂತವನ್ನೂ ಅಚ್ಚು ಹಾಕುವ ಯೋಜನೆ ಮಾತ್ರ 1837ರಲ್ಲಿ ಒಂದು ಸಂಪುಟ ಬಂದು, ಖರ್ಚಿನ ನೆಪದಲ್ಲಿ ನಿಂತುಹೋಯಿತು. ಕನ್ನಡ ಸಂಶೋಧಕರಿಗೆ ಇದು ಪರಿಚಿತ ಕಥೆ. ಶ್ರೀರಂಗಪಟ್ಟಣದ ಪತನಾನಂತರ ಮೈಸೂರು ಸೀಮೆಯ ಸರ್ವೆ ನಡೆಸಿದ ಕಾಲಿನ್ ಮೆಕೆಂಜಿಗೆ ಕಾವಲಿ ಸಹೋದರರೂ ಮಲೆಯೂರಿನ ಜೈನ ವಿದ್ವಾಂಸ ಧರ್ಮಯ್ಯನೂ ನೆರವಾಗಿ ಕೈಫಿಯತ್ತುಗಳು ಉಳಿದವು. ಎರಡು ಸರ್ವೆಗಳಿಗೂ ನೇರ ನಂಟೂ ಇತ್ತು: ಭಾರತದ ತ್ರಿಕೋನಮಿತಿ ಸರ್ವೆಯ ಜಾರ್ಜ್ ಎವರೆಸ್ಟ್ 1829ರಲ್ಲಿ ಐರ್ಲೆಂಡಿಗೆ ಹೋಗಿ ಅಲ್ಲಿನ ಅಳತೆಯ ಕ್ರಮವನ್ನು ನೋಡಿ ಬಂದ.

ದಾರಿಯ ಕೊನೆಯ ಆಕಿಲ್ ದ್ವೀಪದಲ್ಲಿ ಸ್ಲೀವ್‌ಮೋರ್ ಬೆಟ್ಟದಡಿ ಎಂಬತ್ತರಿಂದ ನೂರು ಕಲ್ಲುಮನೆಗಳ ಪಾಳು ಸಾಲು ಇದೆ. ಜರ್ಮನ್ ಲೇಖಕ ಹೈನ್‌ರಿಶ್ ಬ್ಯೋಲ್ 1957ರ ತನ್ನ ಐರಿಷ್ ದಿನಚರಿಯಲ್ಲಿ ಅದನ್ನು ಊರೊಂದರ ಅಸ್ಥಿಪಂಜರವೆಂಬಂತೆ ಕಂಡ. ಯುದ್ಧಾನಂತರದ ಜರ್ಮನಿಯಿಂದ ಬಂದ ಕಣ್ಣಿಗೆ ಅದು ಹಾಗೆ ಕಂಡದ್ದು ಸಹಜ, ಬರವಣಿಗೆಯೂ ಉತ್ಕೃಷ್ಟ. ಆದರೆ ಆ ಮನೆಗಳು ಒಂದೇ ಏಟಿಗೆ ಸತ್ತದ್ದಲ್ಲ. ಖಾಲಿಯಾದ ಮೇಲೂ ಬೇಸಿಗೆಯಲ್ಲಿ ದನ ಮೇಯಿಸಲು ಬರುವವರ ಬಿಡಾರಗಳಾಗಿ ಇಪ್ಪತ್ತನೆಯ ಶತಮಾನದ ಆರಂಭದವರೆಗೂ ಉಸಿರಾಡುತ್ತಿದ್ದವು. ದೊಡ್ಡ ಲೇಖಕನ ಮಾತನ್ನೇ ಕೊನೆಯ ಮಾತೆಂದು ತಿಳಿದು ಅಲ್ಲಿಗೆ ಹೋಗುವ ಸವಾರ ಗೋವಳರನ್ನು ಕಾಣುವುದೇ ಇಲ್ಲ.

ಸಾಮಗ್ರಿಯ ಕೊರತೆ ಇಲ್ಲವೆಂಬುದೇ ಇಲ್ಲಿ ಖೇದದ ಸಂಗತಿ. ಆಕಿಲ್ ರೈಲು ನಿಂತ 1937ರಲ್ಲೇ ಐರ್ಲೆಂಡಿನ ಜಾನಪದ ಆಯೋಗ ಶಾಲೆಯ ಮಕ್ಕಳಿಂದ ಊರೂರಿನ ಕಥೆ, ಹೆಸರು, ಗಾದೆ, ಬರಗಾಲದ ನೆನಪುಗಳನ್ನು ಸಂಗ್ರಹಿಸತೊಡಗಿತು. ಸುಮಾರು 5,000 ಶಾಲೆಗಳಿಂದ 7,40,000 ಪುಟಗಳಷ್ಟು ಬರಹ ಬಂದು, ಇಂದು ಅಂತರ್ಜಾಲದಲ್ಲಿ ಎಲ್ಲರಿಗೂ ಲಭ್ಯವಿದೆ. ಸ್ಥಳನಾಮಗಳ ಅಧಿಕೃತ ಕೋಶವೂ ಹಾಗೆಯೇ ಸಿಗುತ್ತದೆ. ಪ್ರತಿ ನಿಲುಗಡೆಯಲ್ಲೂ ಆ ಊರಿನ ಹೆಸರಿನ ಅರ್ಥ, ಆ ಶಾಲೆಯ ಮಗುವೊಂದು ಬರೆದ ಒಂದು ಪುಟ, ಇಷ್ಟನ್ನು ತೂಗುಹಾಕಲು ಹೊಸ ಸಂಶೋಧನೆ ಬೇಕಿಲ್ಲ. ಇರುವುದನ್ನು ಓದಿ ಆರಿಸಬಲ್ಲ ಭಾಷಾ ವಿದ್ಯಾರ್ಥಿಗಳು ಬೇಕು. ಪ್ರವಾಸ ಇಲಾಖೆಗಳು ವಿಶ್ವವಿದ್ಯಾಲಯಗಳ ಐರಿಷ್ ವಿಭಾಗಗಳ ಬಾಗಿಲು ತಟ್ಟಬೇಕಾದದ್ದು ಇದಕ್ಕಾಗಿ.

ಗ್ರೀನ್‌ವೇಯಿಂದ ಬಂದ ಸವಾರ ಮೈಕೆಲ್ ಡ್ಯಾವಿಟ್ ಹೆಸರಿನ ಸೇತುವೆಯನ್ನು ದಾಟಿದರೆ ದ್ವೀಪ ಸಿಗುತ್ತದೆ. ರೈತರ ಭೂಮಿಗಾಗಿ ಸಂಘ ಕಟ್ಟಿದ ಆ ಡ್ಯಾವಿಟ್ ಮೇಯೊದವನೇ. ಸೇತುವೆ ದಾಟಿದ ಬಹುಪಾಲು ಜನ ಪಶ್ಚಿಮದ ಮರಳ ದಂಡೆಗಳ ಕಡೆಗೆ ಹೋಗುತ್ತಾರೆ. ದಕ್ಷಿಣಕ್ಕೆ ತಿರುಗಿ ಕಡಲ ಅಂಚಿನಲ್ಲೇ ಹೋದರೆ ಕಿಲ್‌ಡೌನೆಟ್ ಸ್ಮಶಾನವಿದೆ. 1894ರವರೂ 1937ರವರೂ ಅಲ್ಲಿದ್ದಾರೆ.