ಬಕೆಟ್ಟಿನ ಆಯುಸ್ಸು ಮತ್ತು ಉಕ್ಕಿನ ಅಚ್ಚು

ಮಳೆಗಾಲ ಕಳೆದು ಹಳ್ಳದ ನೀರು ಇಳಿದಾಗ ದಡದ ಬೇರುಗಳಿಗೆ ಸಿಕ್ಕಿ ಉಳಿಯುವುದು ಕೈಚೀಲ, ಗುಟ್ಕಾ ಚೀಟಿಗಳಷ್ಟೇ ಅಲ್ಲ. ತಳ ಬಿರಿದ ಬಕೆಟ್ಟು, ಕಾಲು ಮುರಿದ ಕುರ್ಚಿಗಳೂ ಇರುತ್ತವೆ. ಹಳ್ಳಕ್ಕೆ ಹೋಗದೆ ಉಳಿದದ್ದು ಬಚ್ಚಲೊಲೆಯಲ್ಲಿ ಹೊಗೆಯಾಗುತ್ತದೆ. ಇದಕ್ಕೆಲ್ಲ ಹಳ್ಳಿಗರ ಅಜ್ಞಾನವೇ ಕಾರಣವೆಂಬ ಉಪದೇಶಗಳಿಗೆ ಬರವಿಲ್ಲ. ಆದರೆ ಆ ಬಕೆಟ್ಟಿನ ಆಯುಸ್ಸು ನಿರ್ಧಾರವಾದದ್ದು ಹಳ್ಳಿಯ ಬಾವಿಕಟ್ಟೆಯಲ್ಲಲ್ಲ, ಕಾರ್ಖಾನೆಯ ಉಕ್ಕಿನ ಅಚ್ಚಿನಲ್ಲಿ.

ಒಂದರೊಳಗೊಂದು ಕೂರುವ ಎರಡು ಅಚ್ಚುಗಳ ನಡುವಿನ ಸಂದಿಗೆ ಕರಗಿದ ಪ್ಲಾಸ್ಟಿಕ್ಕನ್ನು ಭಾರೀ ಒತ್ತಡದಲ್ಲಿ ನುಗ್ಗಿಸಿ, ತಣಿಸಿ, ಬಕೆಟ್ಟನ್ನು ಹೊರತೆಗೆಯುತ್ತಾರೆ. ತಳವೂ ಗೋಡೆಯೂ ಕೂಡುವ ಒಳಮೂಲೆ ಚೂಪಾಗಿದ್ದರೆ, ನೀರು ತುಂಬಿ ಕುಕ್ಕಿದಾಗಲೆಲ್ಲ ಎಳೆತ ಆ ಒಂದೇ ಗೆರೆಯಲ್ಲಿ ಸೇರಿಕೊಂಡು ಬಿರುಕು ಅಲ್ಲಿಂದಲೇ ಹೊರಡುತ್ತದೆ. ಗೋಡೆಯ ದಪ್ಪದ ಅರ್ಧದಷ್ಟಾದರೂ ತ್ರಿಜ್ಯವಿರುವಂತೆ ಒಳಮೂಲೆಯನ್ನು ದುಂಡಗಾಗಿಸಬೇಕೆಂಬುದು ಅಚ್ಚಿನ ವಿನ್ಯಾಸದ ಮೊದಲ ಪಾಠಗಳಲ್ಲೊಂದು. ಗೋಡೆ 2 ಮಿಲಿಮೀಟರ್ ಇದ್ದರೆ ತ್ರಿಜ್ಯ 1 ಮಿಲಿಮೀಟರ್. ಸಿದ್ಧವಾಗಿರುವ ಅಚ್ಚಿನಲ್ಲೂ ಇದು ಅಸಾಧ್ಯವಲ್ಲ. ಉಕ್ಕನ್ನು ಸೇರಿಸುವುದು ಕಷ್ಟ, ತೆಗೆಯುವುದು ಸುಲಭ. ಇಲ್ಲಿ ಬೇಕಾಗಿರುವುದು ತೆಗೆಯುವ ಕೆಲಸವೇ. ಬಕೆಟ್ಟಿನ ಒಳಮೂಲೆಗೆ ರೂಪ ಕೊಡುವ ಒಳ ಅಚ್ಚಿನ ಅಂಚನ್ನು ಸವೆಸಿ ದುಂಡಗೆ ಮಾಡಿದರಾಯಿತು.

ಹಿಡಿಕೆಯ ಕಿವಿಯದೂ ಇದೇ ಕಥೆ. ತೂತಿನ ಸುತ್ತ ಇಬ್ಭಾಗವಾಗಿ ಹರಿದ ಪ್ಲಾಸ್ಟಿಕ್ಕು ಮತ್ತೆ ಕೂಡುವಲ್ಲಿ ಒಂದು ದುರ್ಬಲ ಬೆಸುಗೆ ಬೀಳುತ್ತದೆ. ಅಲ್ಲಿ ಅಚ್ಚನ್ನು ತುಸು ಕೊರೆದರೆ ಕಿವಿ ದಪ್ಪಗಾಗಿ ಉಳಿಯುತ್ತದೆ.

ಹಾಗಿದ್ದರೂ ಏಕೆ ತಿದ್ದುವುದಿಲ್ಲ? ಗೋಡೆಯ ದಪ್ಪದ ವಿಷಯದಲ್ಲಿ ಮಾಲೀಕನಿಗೊಂದು ಲೆಕ್ಕವುಂಟು. ಪ್ಲಾಸ್ಟಿಕ್ ತಣಿಯುವ ಸಮಯ ದಪ್ಪದ ವರ್ಗಕ್ಕೆ ಅನುಗುಣವಾಗಿ ಏರುತ್ತದೆ. 2 ಮಿಲಿಮೀಟರನ್ನು 2.4ಕ್ಕೇರಿಸಿದರೆ ತಣಿಯಲು ಶೇಕಡಾ 44ರಷ್ಟು ಹೆಚ್ಚು ಹೊತ್ತು ಬೇಕು. ಯಂತ್ರ ಗಂಟೆಗೆ ಉಗುಳುವ ಬಕೆಟ್ಟುಗಳು ಕಡಿಮೆಯಾಗುತ್ತವೆ. ದುಂಡನೆಯ ಮೂಲೆಗೆ ಈ ನೆಪವೂ ಇಲ್ಲ. ಅದರಿಂದಾಗುವ ಒಂದೇ ನಷ್ಟವೆಂದರೆ, ಕೊಂಡವನು ಮರುವರ್ಷವೇ ಅಂಗಡಿಗೆ ಬರುವುದಿಲ್ಲ. (ಅಚ್ಚು ಸರಿಯಿದ್ದರೂ ಅಂಗಳದ ಬಿಸಿಲಿಗೆ ಪುಡಿಯಾಗುವ ಬಕೆಟ್ಟುಗಳಿವೆ. ಅದು ಪ್ಲಾಸ್ಟಿಕ್ಕಿಗೆ ಬೆರೆಸಿದ್ದರ, ಬೆರೆಸದೆ ಬಿಟ್ಟಿದ್ದರ ಪಾಪ.)

ಸರ್ಕಾರ 2022ರ ಜುಲೈ 1ರಿಂದ ಒಮ್ಮೆ ಬಳಸಿ ಎಸೆಯುವ ತಟ್ಟೆ, ಲೋಟ, ಸ್ಟ್ರಾಗಳನ್ನು ನಿಷೇಧಿಸಿತು. ಅದೇ ವರ್ಷದ ಕೊನೆಗೆ ಕೈಚೀಲದ ದಪ್ಪ 120 ಮೈಕ್ರಾನಿಗೆ ಏರಿತು. ತಯಾರಕರೇ ತ್ಯಾಜ್ಯದ ಹೊಣೆ ಹೊರಬೇಕೆಂದು 2022ರಲ್ಲಿ ಹೊರಟ ಮಾರ್ಗಸೂಚಿ ಪ್ಯಾಕಿಂಗಿನ ಪ್ಲಾಸ್ಟಿಕ್ಕಿಗೆ ಮಾತ್ರ. ಚೀಲವನ್ನು ಮೈಕ್ರಾನಿನಲ್ಲಿ ಅಳೆಯುವ ಆಡಳಿತದ ಕಣ್ಣಿಗೆ ನೂರಾರು ಗ್ರಾಂ ತೂಗುವ ಬಕೆಟ್ಟು ಬೀಳದಿರುವುದು ವಿಚಿತ್ರ.

ಇನ್ನು, ಪ್ಲಾಸ್ಟಿಕ್ಕನ್ನೇ ತ್ಯಜಿಸಿ ತಾಮ್ರಕ್ಕೆ ಮರಳಿ ಎನ್ನುವ ಪರಿಸರಪ್ರಿಯರಿದ್ದಾರೆ. ಹಾಗೆ ಹೇಳುವವರು ಯಾರೂ ನೀರು ಹೊತ್ತು ಗುಡ್ಡ ಹತ್ತುವವರಲ್ಲ. ಬಳಕೆಯಲ್ಲಿ ಉಳಿಯಲಿರುವ ವಸ್ತು ಹತ್ತು ವರ್ಷ ಬಾಳಲಿ ಎಂದು ಕೇಳುವುದು ಪ್ಲಾಸ್ಟಿಕ್ಕಿನ ವಕಾಲತ್ತಲ್ಲ.

ಈ ವಿದ್ಯೆಗಾಗಿ ಹೊರನಾಡಿಗೆ ಹೋಗಬೇಕಾಗಿಲ್ಲ. 1972ರಲ್ಲಿ ಬೆಂಗಳೂರಿನಲ್ಲಿ ಆರಂಭವಾದ ಸರ್ಕಾರಿ ಉಪಕರಣಾಗಾರ ಮತ್ತು ತರಬೇತಿ ಕೇಂದ್ರ ಕಲಿಸುವುದು ಅಚ್ಚು ಮಾಡುವ ಕೆಲಸವನ್ನೇ. ಮಲೆನಾಡಿನಿಂದ ಅಂಥ ಶಾಲೆ ಸೇರುವ ವಿದ್ಯಾರ್ಥಿಗಳು ಚೂಪು ಮೂಲೆಯ ನಕ್ಷೆಗೆ ಸಹಿ ಹಾಕುವ ಮುನ್ನ ಊರಿನ ಹಳ್ಳವನ್ನು ನೆನೆಯಬೇಕು. ಹಸಿ ಕಸ, ಒಣ ಕಸಕ್ಕೆಂದು ನೂರಾರು ಬಕೆಟ್ಟುಗಳನ್ನು ಒಟ್ಟಿಗೆ ಕೊಳ್ಳುವ ಪಂಚಾಯಿತಿಗಳು ಟೆಂಡರಿನಲ್ಲಿ ಎರಡು ಸಾಲು ಸೇರಿಸಲಿ: ಒಳಮೂಲೆ ದುಂಡಗಿರಬೇಕು; ನೀರು ತುಂಬಿ ಸೊಂಟದೆತ್ತರದಿಂದ ಬೀಳಿಸಿದ ಬಕೆಟ್ಟು ಒಡೆದರೆ ಸರಕು ವಾಪಸು.